ಆಸ್ಪತ್ರೆ

ಆಸ್ಪತ್ರೆ: ರೋಗಿಗಳನ್ನು ದಾಖಲಿಸಿಕೊಂಡು ಚಿಕಿತ್ಸೆ ನೀಡುವ ಸಂಸ್ಥೆ, ಅನ್ಯದೇಶ್ಯ ನಾಮಪದ. ಮೂಲ ಲ್ಯಾಟಿನ್ನಿನ ‘ಹಾಸ್ಪೆಸ್’. ಅತಿಥಿಗೂ ಆತಿಥೇಯನಿಗೂ ಅಲ್ಲಿ ಅದೊಂದೇ ಪದ. ಅದರಿಂದ ಬಂದ ಹಾಸ್ಪಿಟಲ್ ಮಧ್ಯಯುಗದ ಯುರೋಪಿನಲ್ಲಿ ಯಾತ್ರಿಕರ, ಬಡವರ ತಂಗುದಾಣ. ಚಿಕಿತ್ಸೆಯ ಅರ್ಥ ಗಟ್ಟಿಯಾದದ್ದು ಆಮೇಲೆ. ಹೋಟೆಲ್, ಹಾಸ್ಟೆಲ್‌ಗಳದೂ ಅದೇ ಬೇರು.

ಯುರೋಪಿಯನ್ನರೊಂದಿಗೆ ಭಾರತಕ್ಕೆ ಬಂದ ಪದ ಹಿಂದಿಯಲ್ಲಿ ಅಸ್ಪತಾಲ್, ತಮಿಳಿನಲ್ಲಿ ಆಸ್ಪತ್ತಿರಿ, ತೆಲುಗಿನಲ್ಲಿ ಆಸುಪತ್ರಿ, ಮಲಯಾಳದಲ್ಲಿ ಆಶುಪತ್ರಿ ಎಂದಾಯಿತು. ಹಕಾರ ಎಲ್ಲೆಡೆ ಬಿದ್ದುಹೋಗಿದೆ. ದಕ್ಷಿಣದಲ್ಲಿ ಲಕಾರ ರಕಾರವಾಗಿದೆ. ಕೊನೆಯ ‘ಪತ್ರೆ’ಗೂ ಬಿಲ್ವಪತ್ರೆಗೂ ನಂಟಿಲ್ಲ.

ಬೆಂಗಳೂರಿನ ಹೊರವಲಯದ ಖಾಸಗಿ ಆಸ್ಪತ್ರೆಗಳ ಫಲಕಗಳಲ್ಲಿ ಕನ್ನಡ ಲಿಪಿಯ ‘ಹಾಸ್ಪಿಟಲ್’ ಹೆಚ್ಚು; ಪೀಣ್ಯದ ಕಾರ್ಮಿಕರ ಬಾಯಲ್ಲಿ ‘ಇಎಸ್‌ಐ ಆಸ್ಪತ್ರೆ’ಯೇ. ವೈಟ್‌ಫೀಲ್ಡ್‌ನಲ್ಲಿ 2001ರಲ್ಲಿ ಆರಂಭವಾದ ಸತ್ಯಸಾಯಿ ಉನ್ನತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಅಧಿಕೃತ ಹೆಸರಿನಲ್ಲಿ ಈ ಪದವಿಲ್ಲ. ಜನರಿಗೆ ಅದು ಸಾಯಿಬಾಬಾ ಆಸ್ಪತ್ರೆ.