ಎದೆಗೆ ಕಂಪನ ಕೊಟ್ಟರೆ ಬ್ಲಾಕ್ ಬಿಡುತ್ತಾ?

ಹೃದಯಾಘಾತವಾದಾಗ ರಕ್ತನಾಳದ ಹೆಪ್ಪನ್ನು ಎದೆಯ ಮೇಲಿಂದಲೇ ಕಂಪಿಸಿ ಸಡಿಲಿಸುವ ಯೋಚನೆಗೆ ‘ಡಯಾಸ್ಟೋಲಿಕ್ ಟೈಮ್ಡ್ ವೈಬ್ರೇಷನ್’ ಎಂದು ಹೆಸರು. ಕೆನಡಾದ ಆಂಡ್ರ್ಯೂ ಹಾಫ್‌ಮನ್ ಇದರ ಹಿಂದೆ ಬಿದ್ದವರು. ಹೃದಯದ ಸ್ನಾಯುವಿಗೆ ರಕ್ತ ಹೆಚ್ಚಾಗಿ ಹರಿಯೋದು ಹೃದಯ ಹಿಗ್ಗಿ ವಿರಮಿಸುವ ಗಳಿಗೆಯಲ್ಲಿ. ಇಸಿಜಿ ಹಿಡಿದು ಯಂತ್ರ ಆಗಷ್ಟೇ ಕಂಪಿಸಬೇಕು. ಹೆಪ್ಪು ಕರಗಿಸುವ ಔಷಧಿ ಒಳಗಿಳಿಯಲು ಅದು ನೆರವಾಗಬೇಕು ಅನ್ನೋದು ಲೆಕ್ಕ. 1997ರಲ್ಲಿ ಜಪಾನಿನ ವೈದ್ಯರು ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ, ಇಂಥ ಕಂಪನ ಹೃದಯ ಸಡಿಲಗೊಳ್ಳುವ ರೀತಿಯನ್ನು ಬದಲಿಸುತ್ತೆ ಎಂದು ತೋರಿಸಿದ್ದರು. ಬ್ಲಾಕ್ ಬಿಡುತ್ತೆ ಎಂಬುದಕ್ಕೆ ಅದು ಪುರಾವೆಯಲ್ಲ. ಇದು ಇನ್ನೂ ಒಪ್ಪಿತ ಚಿಕಿತ್ಸೆಯೂ ಅಲ್ಲ. (ಮನೆಯ ಮಸಾಜರ್ ಎದೆಗೊತ್ತುವ ಸಾಹಸ ಬೇಡ.)

ಹಾಗಾದರೆ ರಾಮನಗರ ತಾಲೂಕಿನ ಕೈಲಾಂಚ ಹೋಬಳಿಯಲ್ಲಿ ರಾತ್ರಿ ಎರಡಕ್ಕೆ ಯಾರಿಗಾದರೂ ಎದೆ ಹಿಂಡಿದರೆ? ರಾಮನಗರದಿಂದ ಬೆಂಗಳೂರಿಗೇ ಸುಮಾರು 50 ಕಿ.ಮೀ. ಆಗ ಕೈಗೆ ಸಿಗಬೇಕಾದ್ದು ಟೆನೆಕ್ಟೆಪ್ಲೇಸ್ ಚುಚ್ಚುಮದ್ದು. ಹೊರಗೆ ಹತ್ತಾರು ಸಾವಿರ ರೂಪಾಯಿ ಬಾಳುವ ಇದನ್ನು, 2021ರಲ್ಲಿ 46ಕ್ಕೇ ಹೋದ ಅಪ್ಪು ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಡಿ ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಬೇಕು. ಅಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಕೇಂದ್ರದ ತಜ್ಞರು ನೋಡಿ ಹೇಳುತ್ತಾರೆ. ರಕ್ತಸ್ರಾವ, ಇತ್ತೀಚಿನ ಪಾರ್ಶ್ವವಾಯು ಇದ್ದವರಿಗೆ ಕೊಡುವಂತಿಲ್ಲ. ಮೊದಲ ಮೂರು ಗಂಟೆಯೊಳಗೆ ಕೊಟ್ಟರೆ ಫಲ ಹೆಚ್ಚು, 12 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡೋದೇ ಇಲ್ಲ.

ಹೊಸ ಯಂತ್ರದ ಸುದ್ದಿ ಶೇರ್ ಮಾಡೋಣ, ಬೇಡ ಅನ್ನಲ್ಲ. ಆದರೆ ಗ್ರಾಮಸಭೆಯಲ್ಲಿ ಕೇಳಬೇಕಾದ್ದು ಬೇರೆ: ನಮ್ಮೂರಿಗೆ 108 ಬರಲು ಎಷ್ಟು ನಿಮಿಷ? ರಾತ್ರಿ ಪಾಳಿಯಲ್ಲಿ ಇಸಿಜಿ ತೆಗೆಯೋರು ಯಾರು? ಚುಚ್ಚುಮದ್ದು ಇವತ್ತು ದಾಸ್ತಾನಿನಲ್ಲಿ ಇದೆಯಾ?