ಗುಜರಿ ಗಾಡಿಯಿಂದ ಗಣಕದ ತೆರೆಗೆ

‘ಹಳೇ ಪೇಪರ್, ಹಳೇ ಕಬ್ಬಿಣ, ಖಾಲಿ ಶೀಸೆ...’ ಎಂದು ಕೂಗುತ್ತಾ ಬೀದಿಗೆ ಬರುವ ಗುಜರಿ ಗಾಡಿಯವನಿಗೂ, ಹಳೆಯ ಕ್ಯಾಮೆರಾವೊಂದನ್ನು ಮೊಬೈಲ್‌ನಲ್ಲೇ ಕೊಂಡು, ಒರೆಸಿ, ಚೆಂದದ ಚಿತ್ರ ತೆಗೆದು, ನಾಲ್ಕು ದಿನ ಬಿಟ್ಟು ಹೆಚ್ಚಿನ ಬೆಲೆಗೆ ಮಾರುವ ಕಾಲೇಜು ಹುಡುಗನಿಗೂ ಇರುವ ನಂಟು ಮೇಲ್ನೋಟಕ್ಕೆ ಕಾಣುವುದಿಲ್ಲ. ಆದರೆ ಕಸುಬು ಒಂದೇ. ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕಾಗಿರುತ್ತದೆ. ಆ ಇಬ್ಬರ ನಡುವೆ ನಿಂತವನಿಗೆ ನಾಲ್ಕು ಕಾಸು ಉಳಿಯುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದವರು, ಮುಂಬೈನ ಚೋರ್ ಬಜಾರ್‌ನವರು, ಪ್ಯಾರಿಸ್ ಪಕ್ಕದ ಸೇಂಟ್ ಊಆನ್ ಸಂತೆಯವರು ಎಲ್ಲರೂ ಬದುಕಿದ್ದು ಈ ನಾಲ್ಕು ಕಾಸಿನ ಮೇಲೆಯೇ.

ಆದರೆ ಅಲ್ಲೆಲ್ಲ ಒಂದು ಅನುಕೂಲವಿತ್ತು. ಪುಸ್ತಕದ ಹಾಳೆ ಹರಿದಿದೆಯೇ ಎಂದು ತಿರುವಿ ನೋಡಬಹುದಿತ್ತು. ರೇಡಿಯೊ ಹಾಡುತ್ತದೆಯೇ ಎಂದು ಕಿವಿ ಹಿಂಡಬಹುದಿತ್ತು. ಮೋಸವಾದರೆ ಮುಂದಿನ ಭಾನುವಾರ ಅದೇ ಜಾಗಕ್ಕೆ ಹೋಗಿ ಜಗಳ ತೆಗೆಯಬಹುದಿತ್ತು. ಮುಖ ಕಾಣದ ವ್ಯಕ್ತಿಯಿಂದ, ಮುಟ್ಟಿ ನೋಡದ ಹಳೆಯ ವಸ್ತುವನ್ನು, ಮುಂಗಡ ಹಣ ಕೊಟ್ಟು ಕೊಳ್ಳುವುದು ಮಾತ್ರ ಹೊಸ ಕಾಲದ ಸಾಹಸ. ಇದು ಸಾಧ್ಯವಾದದ್ದು ಹೇಗೆ?

ಈ ವ್ಯಾಪಾರದ ತೊಡಕೇನೆಂಬುದನ್ನು ಅಂತರಜಾಲ ಮನೆಮನೆಗೆ ಬರುವ ಬಹಳ ಮೊದಲೇ ಬಿಡಿಸಿ ಹೇಳಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್. 1970ರಲ್ಲಿ ಪ್ರಕಟವಾದ ಅವರ ಪ್ರಬಂಧದ ವಿಷಯ ಹಳೆಯ ಕಾರುಗಳ ಮಾರುಕಟ್ಟೆ. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ‘ಲೆಮನ್’ ಎನ್ನುತ್ತಾರೆ. (ನಮ್ಮಲ್ಲಿ ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸುತ್ತಾರೆ; ಅಲ್ಲಿ ಗಾಡಿಯೇ ನಿಂಬೆಹಣ್ಣು!) ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಯಾವುದಕ್ಕೂ ಇರಲಿ ಎಂದು ನಡುಮಟ್ಟದ ಬೆಲೆ ಕೇಳುತ್ತಾನೆ. ಒಳ್ಳೆಯ ಕಾರಿನ ಒಡೆಯನಿಗೆ ಆ ಬೆಲೆ ಗಿಟ್ಟದು. ಅವನು ಮಾರುವ ಯೋಚನೆಯನ್ನೇ ಬಿಡುತ್ತಾನೆ. ಉಳಿದದ್ದರಲ್ಲಿ ಕೆಟ್ಟವೇ ಹೆಚ್ಚು, ಬೆಲೆ ಮತ್ತೂ ಇಳಿಯುತ್ತದೆ. ಕೊನೆಗೆ ಸಂತೆಯೇ ಮುರಿದು ಬೀಳಬಹುದು. ಅಕರ್ಲಾಫ್ 1967–68ರಲ್ಲಿ ದೆಹಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಇದ್ದವರು. ಅಕ್ಕಿಯ ಬಣ್ಣದ್ದೇ ಕಲ್ಲು ಬೆರೆಸುವ ನಮ್ಮ ಅಂಗಡಿಗಳೂ, ಅದನ್ನು ಆರಿಸುತ್ತಾ ಕೂರುವ ನಮ್ಮ ಗೃಹಿಣಿಯರೂ ಆ ಪ್ರಬಂಧದಲ್ಲಿ ಜಾಗ ಪಡೆದಿದ್ದಾರೆ. ಮೂರು ಪತ್ರಿಕೆಗಳು ಹಿಂದಿರುಗಿಸಿದ್ದ ಈ ಬರಹ ಅವರಿಗೆ 2001ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ತಂದಿತು.

ಅಕರ್ಲಾಫ್ ಲೆಕ್ಕದಂತೆ ನೋಡಿದರೆ ಅಂತರಜಾಲದ ಹಳೆ ಸಾಮಾನಿನ ಸಂತೆ ಹುಟ್ಟಿದ ವಾರವೇ ಸಾಯಬೇಕಿತ್ತು. ಅದು ಹುಟ್ಟಿದ್ದು 1995ರ ಸೆಪ್ಟೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಪಿಯೆರ್ ಒಮಿಡ್ಯಾರ್ ಎಂಬ 28 ವರ್ಷದ ಗಣಕ ತಂತ್ರಜ್ಞ ತನ್ನ ಸ್ವಂತ ತಾಣದಲ್ಲಿ ‘ಆಕ್ಷನ್‌ವೆಬ್’ ಎಂಬ ಹರಾಜುಕಟ್ಟೆ ತೆರೆದ. ಮುಂದೆ ಇದೇ ‘ಇಬೇ’ ಆಯಿತು. ಅಲ್ಲಿ ಮೊದಲು ಮಾರಾಟವಾದದ್ದು ಅವನದೇ ಕೆಟ್ಟುಹೋದ ಲೇಸರ್ ಪಾಯಿಂಟರ್, 14 ಡಾಲರ್ 83 ಸೆಂಟ್‌ಗೆ! ಇದು ಕೆಟ್ಟಿದೆ, ಗೊತ್ತು ತಾನೆ ಎಂದು ಒಮಿಡ್ಯಾರ್ ವಿಚಾರಿಸಿದರೆ, ತಾನು ಕೆಟ್ಟ ಪಾಯಿಂಟರ್‌ಗಳನ್ನೇ ಸಂಗ್ರಹಿಸುವವನು ಎಂದು ಗಿರಾಕಿ ಉತ್ತರ ಕೊಟ್ಟನಂತೆ. ಮೊದಲಿಗೆ ಹರಾಜು ಪುಕ್ಕಟೆ. ತಾಣದ ಮಾಸಿಕ ಬಾಡಿಗೆ 250 ಡಾಲರ್‌ಗೆ ಏರಿದಾಗ ಮಾರಿದವರಿಂದ ಸಣ್ಣ ಶುಲ್ಕ ಕೇಳಬೇಕಾಯಿತು. ಲಕೋಟೆಗಳಲ್ಲಿ ಚೆಕ್ಕುಗಳೂ ಚಿಲ್ಲರೆ ನಾಣ್ಯಗಳೂ ಬಂದು ಬೀಳತೊಡಗಿದವು.

ಹಣದ ಜತೆ ದೂರುಗಳೂ ಬಂದವು. ‘ಅವನು ಕಳಿಸಲಿಲ್ಲ’, ‘ಇವನು ಕೊಡಲಿಲ್ಲ’. ಒಬ್ಬನೇ ಕುಳಿತು ಎಷ್ಟೆಂದು ಪಂಚಾಯಿತಿ ಮಾಡುವುದು? 1996ರ ಫೆಬ್ರುವರಿಯಲ್ಲಿ ಒಮಿಡ್ಯಾರ್ ಒಂದು ಉಪಾಯ ಹೂಡಿದ. ವ್ಯವಹಾರ ಮುಗಿದ ಮೇಲೆ ಇಬ್ಬರೂ ಒಬ್ಬರ ಬಗ್ಗೆ ಒಬ್ಬರು ಎಲ್ಲರಿಗೂ ಕಾಣುವಂತೆ ಒಂದು ಸಾಲು ಬರೆಯಬೇಕು. ಮೆಚ್ಚುಗೆಗೆ ಒಂದು ಅಂಕ ಜಮೆ, ದೂರಿಗೆ ಒಂದು ಅಂಕ ಖರ್ಚು. ಊರಿನ ಅರಳಿಕಟ್ಟೆಯಲ್ಲಿ ಹಳಬರು ಮಾಡುತ್ತಿದ್ದ ಕೆಲಸವೇ ಇದು: ‘ಅವನ ಹತ್ತಿರ ಎತ್ತು ಕೊಳ್ಳಬೇಡ, ಹಲ್ಲು ತೋರಿಸುವುದೊಂದು, ವಯಸ್ಸು ಇನ್ನೊಂದು’ ಎಂಬ ಮಾತು. ಆ ಮಾತಿಗೆ ಈಗ ಲೆಕ್ಕದ ಪುಸ್ತಕ ಸಿಕ್ಕಿತು.

ಒಳ್ಳೆಯ ಹೆಸರಿಗೆ ಬೆಲೆ ಕಟ್ಟಲಾಗದು ಎನ್ನುತ್ತಾರೆ. ಅದಕ್ಕೂ ಬೆಲೆ ಕಟ್ಟಿದ ಪ್ರಯೋಗವೊಂದು ನಡೆಯಿತು. ಹಳೆಯ ಚಿತ್ರ ಅಂಚೆಕಾರ್ಡುಗಳನ್ನು ಮಾರುವ ನುರಿತ ವ್ಯಾಪಾರಿಯೊಬ್ಬರು ಒಂದೇ ಬಗೆಯ ಕಾರ್ಡುಗಳಲ್ಲಿ ಕೆಲವನ್ನು ತಮ್ಮ ಹಳೆಯ ಖಾತೆಯಿಂದಲೂ ಕೆಲವನ್ನು ಯಾರೂ ಅರಿಯದ ಹೊಸ ಖಾತೆಗಳಿಂದಲೂ ಮಾರಿದರು. ಹಳೆಯ ಹೆಸರಿಗೆ ಜನ ಸುಮಾರು ಶೇ 8ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರು. ಮಿಷಿಗನ್ ವಿಶ್ವವಿದ್ಯಾಲಯದ ಪಾಲ್ ರೆಸ್ನಿಕ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಪ್ರಕಟಿಸಿದರು.

ಅಷ್ಟರಲ್ಲಿ ಇಬೇ ಬೆಳೆದು ಹೆಮ್ಮರವಾಗಿತ್ತು. 1998ರ ಸೆಪ್ಟೆಂಬರ್ 24ರಂದು 18 ಡಾಲರ್‌ಗೆ ಬಿಟ್ಟ ಷೇರು ಅಂದೇ ಸಂಜೆ 47 ದಾಟಿತ್ತು. ‘ಬೀನಿ ಬೇಬಿ’ ಎಂಬ ಸಣ್ಣ ಬಟ್ಟೆಗೊಂಬೆಗಳ ಹುಚ್ಚು ಅಮೆರಿಕಕ್ಕೆ ಹಿಡಿದದ್ದೂ ಆಗಲೇ. ಐದು ಡಾಲರ್ ಆಸುಪಾಸಿನ ಗೊಂಬೆಯನ್ನು ಹತ್ತಾರು ಪಟ್ಟು ಬೆಲೆಗೆ ಮಾರಬಹುದೆಂದು ಜನ ಮನೆ ತುಂಬ ಕೂಡಿಟ್ಟರು. 1999ರಲ್ಲಿ ವಿಚ್ಛೇದನ ಪಡೆದ ದಂಪತಿಯೊಂದು ಲಾಸ್ ವೇಗಸ್ ನ್ಯಾಯಾಲಯದ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು ತಮ್ಮ ಗೊಂಬೆಗಳನ್ನು ಒಂದೊಂದಾಗಿ ಪಾಲು ಮಾಡಿಕೊಂಡ ಚಿತ್ರ ಪತ್ರಿಕೆಗಳಲ್ಲಿ ಬಂತು. ಹೆಚ್ಚು ದಿನವಾಗಲಿಲ್ಲ, ಬೆಲೆ ನೆಲ ಕಚ್ಚಿತು.

ಜಾಣರು ಹಿಡಿದ ದಾರಿ ಬೇರೆ. ಕೆಲವರು ಕಾಗುಣಿತದ ತಪ್ಪುಗಳನ್ನು ಹುಡುಕುತ್ತಿದ್ದರು! ‘ಲ್ಯಾಪ್‌ಟಾಪ್’ ಬದಲು ‘ಲ್ಯಾಬ್‌ಟಾಪ್’ ಎಂದು ಬರೆದವನ ಸರಕು ಹುಡುಕಿದವರ ಕಣ್ಣಿಗೇ ಬೀಳದು; ಕೂಗುವವರಿಲ್ಲದೆ ಅಗ್ಗಕ್ಕೆ ಹೋಗುತ್ತದೆ. ಅದನ್ನು ಕೊಂಡು, ಅಕ್ಷರ ತಿದ್ದಿ, ಮತ್ತೆ ಹರಾಜಿಗಿಟ್ಟರೆ ಲಾಭ. ಇಂಥವರ ಬಗ್ಗೆ ಅಮೆರಿಕದ ಪತ್ರಿಕೆಗಳು 2004ರಲ್ಲಿ ಬರೆದಿದ್ದವು. ಗುಜರಿ ರಾಶಿಯಲ್ಲಿ ಹಿತ್ತಾಳೆಯನ್ನು ಗುರುತಿಸುವ ಕಣ್ಣೂ ಇದೇ ಅಲ್ಲವೆ?

ಅಂಕದ ಪುಸ್ತಕದಲ್ಲೂ ಹುಳುಕಿತ್ತು. ದೂರು ಬರೆದ ಗಿರಾಕಿಗೆ ವ್ಯಾಪಾರಿಯೂ ಸೇಡಿನ ದೂರು ಬರೆಯುತ್ತಿದ್ದ. ಆ ಭಯಕ್ಕೆ ಜನ ಬಾಯಿ ಮುಚ್ಚಿಕೊಂಡರು. 2008ರಲ್ಲಿ ಇಬೇ, ವ್ಯಾಪಾರಿಯು ಗಿರಾಕಿಯ ಮೇಲೆ ದೂರು ದಾಖಲಿಸುವ ಹಕ್ಕನ್ನೇ ತೆಗೆದುಹಾಕಿತು.

ಭಾರತದಲ್ಲಿ ಕಥೆ ಬೇರೆ ಜಾಡು ಹಿಡಿಯಿತು. 2000ದಲ್ಲಿ ಆರಂಭವಾದ ಬಾಜೀ ಡಾಟ್ ಕಾಮ್ ಅನ್ನು 2004ರಲ್ಲಿ ಇಬೇ ಸುಮಾರು 5 ಕೋಟಿ ಡಾಲರ್‌ಗೆ ಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಳಕೆದಾರನೊಬ್ಬ ಆಕ್ಷೇಪಾರ್ಹ ವಿಡಿಯೊ ತುಣುಕನ್ನು ಮಾರಾಟಕ್ಕಿಟ್ಟ ತಪ್ಪಿಗೆ ಕಂಪನಿಯ ಮುಖ್ಯಸ್ಥರೇ ಬಂಧನಕ್ಕೊಳಗಾದರು. ಸಂತೆಯಲ್ಲಿ ಯಾರೋ ಮಾರಿದ ಮಾಲಿಗೆ ಸಂತೆಮಾಳದ ಒಡೆಯ ಹೊಣೆಯೇ ಎಂಬ ಚರ್ಚೆ ಎದ್ದಿತು. 2008ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮಿಗೆ ತಿದ್ದುಪಡಿಯಾಗಿ, ಷರತ್ತುಗಳಿಗೆ ಒಳಪಟ್ಟು ಇಂಥ ತಾಣಗಳಿಗೆ ರಕ್ಷಣೆ ದೊರೆಯಿತು. ಇಬೇಯ ಭಾರತೀಯ ವಹಿವಾಟು 2017ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ಕೈ ಸೇರಿತು. ಮರುವರ್ಷ ಆ ತಾಣ ಬಾಗಿಲು ಮುಚ್ಚಿತು.

ಇಲ್ಲಿ ಜನಕ್ಕೆ ಒಗ್ಗಿದ್ದು ಹರಾಜಲ್ಲ, ವರ್ಗೀಕೃತ ಜಾಹೀರಾತು. 2006ರಲ್ಲಿ ಹುಟ್ಟಿದ ಓಎಲ್‌ಎಕ್ಸ್, 2008ರಲ್ಲಿ ಆರಂಭವಾಗಿ ಮುಂದೆ ಬೆಂಗಳೂರಿಗೆ ನೆಲೆ ಬದಲಿಸಿದ ಕ್ವಿಕರ್ ಈ ದಾರಿ ಹಿಡಿದವು. ಚಿತ್ರ ನೋಡಿ ಫೋನ್ ಮಾಡು, ಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ತೆರೆದು ನೋಡು, ಚೌಕಾಸಿ ಮಾಡು, ಲಗೇಜ್ ಆಟೊ ಕರೆ. ಅಂಕಕ್ಕಿಂತ ಕಣ್ಣನ್ನೇ ನಂಬುವ ಹಳೆಯ ಪದ್ಧತಿ.

ಆದ್ದರಿಂದಲೇ ಇಲ್ಲಿನ ವಂಚಕರು ಭೇಟಿಯನ್ನೇ ತಪ್ಪಿಸಲು ನೋಡುತ್ತಾರೆ. ತಾನು ಸೇನೆಯವನು, ವರ್ಗವಾಗಿದೆ, ಬರಲಾಗದು, ಹಣ ಈಗಲೇ ಕಳಿಸುತ್ತೇನೆ ಎಂದು ಕ್ಯೂಆರ್ ಸಂಕೇತವೊಂದನ್ನು ಕಳಿಸುತ್ತಾರೆ. ಸೋಫಾ ಮಾರಲು ಹೊರಟವರು ಅದನ್ನು ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತಿದರೆ ಹಣ ಬರುವುದಿಲ್ಲ, ಹೋಗುತ್ತದೆ. ಹಣ ಪಡೆಯಲು ಪಿನ್ ಬೇಕಿಲ್ಲ ಎಂದು ಬ್ಯಾಂಕುಗಳು ಎಷ್ಟು ಸಾರಿದರೂ ಈ ಬಲೆಗೆ ಬೀಳುವವರು ಇದ್ದೇ ಇದ್ದಾರೆ.

ಈಚೆಗೆ ಈ ಸಂತೆಗೆ ದೊಡ್ಡ ಕುಳಗಳೂ ಇಳಿದಿವೆ. ಹಳೆಯ ಮೊಬೈಲ್ ಕೊಂಡು, ಬಿಚ್ಚಿ ಪರೀಕ್ಷಿಸಿ, ಬ್ಯಾಟರಿ ಬದಲಿಸಿ, ಕೆಲವು ತಿಂಗಳ ಗ್ಯಾರಂಟಿ ಚೀಟಿಯೊಡನೆ ಮಾರುವ ಕ್ಯಾಶಿಫೈಯಂಥ ಕಂಪನಿಗಳು ಬಂದಿವೆ. ಫ್ಲಿಪ್‌ಕಾರ್ಟ್ ಕೂಡ 2018ರಲ್ಲಿ ಇದೇ ವ್ಯಾಪಾರಕ್ಕೆ ಕೈ ಹಾಕಿತು. ‘ಲೆಮನ್’ ಭಯಕ್ಕೆ ಅಕರ್ಲಾಫ್ 1970ರಲ್ಲೇ ಸೂಚಿಸಿದ್ದ ಮದ್ದುಗಳಲ್ಲಿ ಮೊದಲನೆಯದೇ ಈ ಗ್ಯಾರಂಟಿ. ಬಿಡಿ ವ್ಯಾಪಾರಿ ಅದನ್ನು ಕೊಡಲಾರ. ಹೀಗಾಗಿ ಮೊಬೈಲ್‌ನಂಥ ಸರಕಿನಲ್ಲಿ ನಡುವೆ ನಿಂತವನ ನಾಲ್ಕು ಕಾಸು ಮೆಲ್ಲಗೆ ಕಂಪನಿಗಳ ಪಾಲಾಗುತ್ತಿದೆ. ಹಳೆಯ ಗ್ರಾಮಫೋನ್ ತಟ್ಟೆ, ಮುದ್ರಣ ನಿಂತ ಪುಸ್ತಕ, ಕೀಲಿ ಕೊಡುವ ಕೈಗಡಿಯಾರಗಳ ಗೋಜಿಗೆ ಮಾತ್ರ ಅವು ಇನ್ನೂ ಹೆಚ್ಚಾಗಿ ಹೋಗಿಲ್ಲ. ಅಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ; ಸರಕು ಬಲ್ಲವನು ಒಂದೊಂದನ್ನೂ ಕೈಯಲ್ಲಿ ಹಿಡಿದೇ ಬೆಲೆ ಕಟ್ಟಬೇಕು.