ಹಳೆಯ ಇ-ಸಿಗರೇಟಿಗೆ ಹೊಂದುವ ಬ್ಯಾಟರಿ: ಗಾತ್ರ ಒಂದೇ, ಗುಣ ಬೇರೆ

ಟಾರ್ಚಿಗೆ ಸೆಲ್ ಬೇಕೆಂದು ಅಂಗಡಿಗೆ ಹೋದರೆ ಅಂಗಡಿಯವರು ಕೇಳುವುದು ಒಂದೇ ಪ್ರಶ್ನೆ: ದೊಡ್ಡದೋ, ಸಣ್ಣದೋ? ಗಾತ್ರ ಹೊಂದಿದರೆ ಮುಗಿಯಿತು, ಯಾವ ಕಂಪನಿಯದಾದರೂ ದೀಪ ಹೊತ್ತಿಕೊಳ್ಳುತ್ತದೆ. ತಲೆಮಾರುಗಳಿಂದ ರೂಢಿಯಾಗಿರುವ ಈ ಲೆಕ್ಕಾಚಾರ ಲಿಥಿಯಂ ಅಯಾನ್ ಬ್ಯಾಟರಿಯ ವಿಷಯದಲ್ಲಿ ಮಾತ್ರ ನಡೆಯದು. ಇಲ್ಲಿ ಗಾತ್ರ ಹೊಂದುವುದು ಮೊದಲ ಮೆಟ್ಟಿಲಷ್ಟೇ. ಇದು ಅತ್ಯಂತ ಸ್ಪಷ್ಟವಾಗಿ ಕಾಣಿಸುವುದು ವಿದೇಶಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಹಳೆಯ ಇ-ಸಿಗರೇಟುಗಳಲ್ಲಿ. ಸಾಧನ ಚೆನ್ನಾಗಿಯೇ ಇದೆ, ಬ್ಯಾಟರಿ ಮಾತ್ರ ಸತ್ತಿದೆ. ಮೂಲ ಬ್ಯಾಟರಿ ಈಗ ಸಿಗುವುದಿಲ್ಲ. ಆ ಜಾಗದಲ್ಲಿ ಸರಿಯಾಗಿ ಕೂರುವ ಹತ್ತಾರು ಸೆಲ್‌ಗಳು ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಕೆಲವು ಸುರಕ್ಷಿತ, ಕೆಲವು ಅಪಾಯಕಾರಿ, ಹೊರನೋಟಕ್ಕೆ ಎಲ್ಲವೂ ಒಂದೇ.

ಮುಂದುವರಿಯುವ ಮುನ್ನ ಕಾನೂನಿನ ಮಾತು. ಕರ್ನಾಟಕ ಸರ್ಕಾರ 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಅದನ್ನು ಕಾಯ್ದೆಯಾಗಿಸಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಬಾರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದ್ದರಿಂದ ಈ ಲೇಖನದ ವಿಷಯ ಬ್ರಿಟನ್, ಅಮೆರಿಕದಂತಹ ದೇಶಗಳಿಗೆ ಸೇರಿದ್ದು. ಅಲ್ಲಿ ನೆಲೆಸಿರುವ ಕನ್ನಡಿಗರು ರಜೆಗೆ ಊರಿಗೆ ಬರುವಾಗ ಸಾಧನವನ್ನು ಅಲ್ಲೇ ಬಿಟ್ಟುಬರುವುದು ಲೇಸು. ಆದರೆ ಅದರೊಳಗಿನ ಸೆಲ್‌ಗೆ ಯಾವ ನಿಷೇಧವೂ ಇಲ್ಲ. ಅದೇ ಜಾತಿಯ ಸೆಲ್ ನಮ್ಮ ಎಲ್ಇಡಿ ಟಾರ್ಚಿನಲ್ಲಿದೆ, ಹಳೆಯ ಲ್ಯಾಪ್‌ಟಾಪಿನಲ್ಲಿದೆ, ಪವರ್ ಬ್ಯಾಂಕಿನಲ್ಲಿದೆ. ಸಿಗರೇಟಿನ ಗೊಡವೆಯೇ ಬೇಡವೆನ್ನುವವರಿಗೂ ಈ ವಿವರಗಳು ಉಪಯೋಗಕ್ಕೆ ಬರುವುದು ಆ ಕಾರಣದಿಂದ.

ಚೀನಾದ ಔಷಧ ತಜ್ಞ ಹೊನ್ ಲಿಕ್ 2003ರ ಸುಮಾರಿಗೆ ಆಧುನಿಕ ಇ-ಸಿಗರೇಟನ್ನು ರೂಪಿಸಿದ ನಂತರ ಬಂದ ಮೊದಲ ತಲೆಮಾರಿನ ಸಾಧನಗಳು ನಿಜವಾದ ಸಿಗರೇಟಿನಂತೆಯೇ ಕಾಣುತ್ತಿದ್ದವು. ಅವುಗಳಲ್ಲಿ ಬ್ಯಾಟರಿಯೇ ಒಂದು ಮುಚ್ಚಿದ ಕೊಳವೆ. ದ್ರವವಿರುವ ಭಾಗವನ್ನು ಅದಕ್ಕೆ ತಿರುಪಿನಿಂದ ಜೋಡಿಸಬೇಕು. 510 ಎಂಬ ಮಾದರಿಯ ತಿರುಪು ಕ್ರಮೇಣ ಎಲ್ಲ ತಯಾರಕರೂ ಒಪ್ಪಿದ ಅಳತೆಯಾಯಿತು. 808, 901 ಮುಂತಾದವು ಹಿಂದೆ ಸರಿದವು. ಹೀಗಾಗಿ 510 ತಿರುಪಿನ ಹಳೆಯ ಸಾಧನವಿದ್ದವರಿಗೆ ಬ್ಯಾಟರಿ ಕಡ್ಡಿ ಇಂದಿಗೂ ಸುಲಭವಾಗಿ ಸಿಗುತ್ತದೆ, 808ರವರು ಹುಡುಕಾಡಬೇಕು. ಒಂದು ಎಚ್ಚರಿಕೆಯೆಂದರೆ, ದೊಡ್ಡ ಬ್ಯಾಟರಿಗೆಂದು ಮಾಡಿದ ಚಾರ್ಜರನ್ನು ತಿರುಪು ಹೊಂದುತ್ತದೆಂಬ ಒಂದೇ ಕಾರಣಕ್ಕೆ ಸಿಗರೇಟಿನಷ್ಟು ತೆಳ್ಳಗಿನ ಬ್ಯಾಟರಿಗೆ ಹಾಕಬಾರದು. ಸಣ್ಣ ಬ್ಯಾಟರಿ ಆ ವೇಗದ ಚಾರ್ಜನ್ನು ತಾಳುವುದಿಲ್ಲ.

ನಂತರ ಬಂದದ್ದು ಬಳಕೆದಾರರೇ 'ಮಾಡ್' ಎಂದು ಕರೆದ ದಪ್ಪ ಪೆಟ್ಟಿಗೆಗಳು, ಲೋಹದ ಕೊಳವೆಗಳು. ಇವುಗಳಲ್ಲಿ ಸೆಲ್ಲನ್ನು ಹೊರತೆಗೆದು ಬೇರೆಯದನ್ನು ಹಾಕಬಹುದು. ಅಮೆರಿಕದಲ್ಲಿ 2016ರ ಆಗಸ್ಟ್ 8ರಿಂದ ಹೊಸ ಸಾಧನಗಳಿಗೆ ಪೂರ್ವಾನುಮತಿ ಕಡ್ಡಾಯವಾಯಿತು. ಮಾರುಕಟ್ಟೆಯೂ ಬಿಚ್ಚಲಾಗದ ಪುಟ್ಟ ಸಾಧನಗಳತ್ತ, ಬಳಸಿ ಎಸೆಯುವ ಮಾದರಿಗಳತ್ತ ವಾಲಿತು. ಹಳೆಯ ಪೆಟ್ಟಿಗೆಗಳನ್ನು ಜತನದಿಂದ ಇಟ್ಟುಕೊಂಡವರಿಗೆ ಬ್ಯಾಟರಿಯ ಚಿಂತೆ ಆರಂಭವಾದದ್ದು ಹೀಗೆ.

ಸೆಲ್ಲಿನ ಮೇಲಿನ ಅಂಕಿಯನ್ನು ಓದುವುದು ಕಷ್ಟವೇನಲ್ಲ. 18650 ಎಂದರೆ 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಕೊನೆಯ ಸೊನ್ನೆ ಅದು ದುಂಡನೆಯ ಸೆಲ್ ಎಂಬುದರ ಗುರುತು. 18350 ಅದರ ಅರ್ಧ ಎತ್ತರದ್ದು, 26650 ಹೆಚ್ಚು ದಪ್ಪನೆಯದು. 21700 ಇತ್ತೀಚಿನದಾದ್ದರಿಂದ ಹಳೆಯ ಸಾಧನದಲ್ಲಿ ಕೂರುವುದಿಲ್ಲ. ಅಂಕಿಯ ಹಿಂದಿನ ಅಕ್ಷರಗಳು ಒಳಗಿನ ರಸಾಯನವನ್ನು ಹೇಳುತ್ತವೆ: ಐಸಿಆರ್ ಎಂದರೆ ಕೋಬಾಲ್ಟ್, ಐಎಂಆರ್ ಎಂದರೆ ಮ್ಯಾಂಗನೀಸ್, ಐಎನ್ಆರ್ ಎಂದರೆ ನಿಕಲ್ ಮಿಶ್ರಣ, ಐಎಫ್ಆರ್ ಎಂದರೆ ಕಬ್ಬಿಣದ ಫಾಸ್ಫೇಟ್. ಮೊದಲ ಮೂರು ಪೂರ್ತಿ ತುಂಬಿದಾಗ ಸಾಮಾನ್ಯವಾಗಿ 4.2 ವೋಲ್ಟ್ ಇರುತ್ತವೆ. ನಾಲ್ಕನೆಯದು 3.6 ವೋಲ್ಟಿಗೇ ತುಂಬುತ್ತದೆ. ಬೇರೆಯವುಗಳ ಚಾರ್ಜರಿನಲ್ಲಿ ಅದನ್ನು ಇಡುವಂತಿಲ್ಲ, ಹಳೆಯ ಇ-ಸಿಗರೇಟಿಗೂ ಅದು ಸಾಮಾನ್ಯವಾಗಿ ಹೊಂದದು. ಹಳೆಯ ಐಸಿಆರ್ ಸೆಲ್‌ಗಳು ಲ್ಯಾಪ್‌ಟಾಪಿಗೆಂದು ಮಾಡಿದವು, ನಿಧಾನವಾಗಿ ವಿದ್ಯುತ್ ಕೊಡುವಂಥವು. ಸತ್ತ ಲ್ಯಾಪ್‌ಟಾಪಿನ ಪ್ಯಾಕ್ ಒಡೆದು ಸೆಲ್ ತೆಗೆದು ಇ-ಸಿಗರೇಟಿಗೆ ತುಂಬುವ ಸಾಹಸ ಸಲ್ಲದು.

ಇನ್ನು ಮುಖ್ಯ ವಿಷಯ. ಸೆಲ್ಲಿನ ಹೊದಿಕೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಕಾಣುವುದು ಎಂಎಎಚ್, ಅಂದರೆ ಒಟ್ಟು ಎಷ್ಟು ವಿದ್ಯುತ್ ತುಂಬಿದೆ ಎಂಬ ಲೆಕ್ಕ. ಇ-ಸಿಗರೇಟಿಗೆ ನಿರ್ಣಾಯಕವಾದದ್ದು ಅದಲ್ಲ. ಬಿಸಿಯಾಗದೆ ಒಂದೇ ಸಮನೆ ಎಷ್ಟು ಆಂಪಿಯರ್ ಹರಿಸಬಲ್ಲದು ಎಂಬುದು. ಓವರ್‌ಹೆಡ್ ಟ್ಯಾಂಕಿಗೂ ಅದರಿಂದ ಹೊರಟ ಪೈಪಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಟ್ಯಾಂಕು ದೊಡ್ಡದಾದ ಮಾತ್ರಕ್ಕೆ ಪೈಪು ದಪ್ಪಗಿರಬೇಕೆಂದಿಲ್ಲ. ಒಂದೇ ಗಾತ್ರದ ಡಬ್ಬಿಯೊಳಗೆ ಎರಡನ್ನೂ ಹಿಡಿಸಬೇಕಾದಾಗ ಒಂದು ಹೆಚ್ಚಿದರೆ ಇನ್ನೊಂದು ತಗ್ಗುತ್ತದೆ. ಉದಾಹರಣೆಗೆ ಸ್ಯಾಮ್ಸಂಗ್ 25ಆರ್ 2500 ಎಂಎಎಚ್‌ನದು, ನಿರಂತರ 20 ಆಂಪಿಯರ್ ಕೊಡುತ್ತದೆ. ಅದೇ ಕಂಪನಿಯ 30ಕ್ಯೂ 3000 ಎಂಎಎಚ್‌ನದು, 15 ಆಂಪಿಯರ್. ಎಲ್‌ಜಿ ಎಚ್‌ಜಿ2 3000 ಎಂಎಎಚ್ ಹಿಡಿದೂ 20 ಆಂಪಿಯರ್ ಕೊಡುತ್ತದೆ. ಪ್ಯಾನಸೋನಿಕ್ ಎನ್‌ಸಿಆರ್ 18650ಬಿ 3400 ಎಂಎಎಚ್‌ನದಾದರೂ, ಅದರ ಆಂಪಿಯರ್ ಮಿತಿ 25ಆರ್‌ನ ಮೂರನೇ ಒಂದು ಭಾಗವನ್ನು ಮೀರದು. ಟಾರ್ಚಿಗೆ ಈ ಕೊನೆಯದು ಒಳ್ಳೆಯ ಸೆಲ್. ಇ-ಸಿಗರೇಟಿನಲ್ಲಿ, 'ಹೆಚ್ಚು ಎಂಎಎಚ್ ಇದೆ' ಎಂದು ಅದನ್ನೇ ಆರಿಸಿದವರು ತಪ್ಪು ಸೆಲ್ಲನ್ನು ಆರಿಸಿದಂತೆ.

ಸಾಧನಕ್ಕೆ ಎಷ್ಟು ಆಂಪಿಯರ್ ಬೇಕೆಂದು ತಿಳಿಯಲು ಶಾಲೆಯಲ್ಲಿ ಕಲಿತ ಓಮ್‌ನ ನಿಯಮ ಸಾಕು. ಒಳಗೆ ಯಾವ ಎಲೆಕ್ಟ್ರಾನಿಕ್ ನಿಯಂತ್ರಣವೂ ಇಲ್ಲದ, ಗುಂಡಿ ಒತ್ತಿದರೆ ಸೆಲ್ ನೇರವಾಗಿ ಸುರುಳಿಗೆ ತಾಗುವ ಕೊಳವೆ ಸಾಧನಗಳಲ್ಲಿ 4.2 ವೋಲ್ಟನ್ನು ಸುರುಳಿಯ ಓಮ್‌ನಿಂದ ಭಾಗಿಸಬೇಕು. 0.5 ಓಮ್ ಆದರೆ 8.4 ಆಂಪಿಯರ್, 0.2 ಓಮ್ ಆದರೆ 21 ಆಂಪಿಯರ್, 25ಆರ್ ಕೂಡ ಸಾಲದು. ನಿಯಂತ್ರಣವಿರುವ ಪೆಟ್ಟಿಗೆಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಸುರುಳಿಯ ಓಮ್ ಮುಖ್ಯವಲ್ಲ, ಪರದೆಯ ಮೇಲಿನ ವ್ಯಾಟ್ ಮುಖ್ಯ. ಸೆಲ್ ಬರಿದಾಗುತ್ತ ವೋಲ್ಟ್ ಇಳಿದಂತೆ ಅಷ್ಟೇ ವ್ಯಾಟ್ ಕೊಡಲು ಸಾಧನ ಹೆಚ್ಚು ಆಂಪಿಯರ್ ಎಳೆಯುತ್ತದೆ. ಆದ್ದರಿಂದ ತುಂಬಿದ ಸೆಲ್ಲಿನ ವೋಲ್ಟ್ ಅಲ್ಲ, ಬರಿದಾಗುವ ಹಂತದ್ದನ್ನು ಹಿಡಿಯಬೇಕು. 60 ವ್ಯಾಟನ್ನು 3.2 ವೋಲ್ಟಿನಿಂದ ಭಾಗಿಸಿ, ಸಾಧನದೊಳಗಿನ ನಷ್ಟಕ್ಕೆ ಶೇ. 10ರಷ್ಟು ಸೇರಿಸಿಕೊಂಡರೆ ಸುಮಾರು 21 ಆಂಪಿಯರ್ ಆಗುತ್ತದೆ. ಎರಡು ಸೆಲ್ ಹಾಕುವ ಪೆಟ್ಟಿಗೆಯಾದರೆ ವ್ಯಾಟನ್ನು ಮೊದಲು ಎರಡರಿಂದ ಭಾಗಿಸಿ ನಂತರ ಲೆಕ್ಕ ಮಾಡಬೇಕು. ಬಂದ ಉತ್ತರ ಸೆಲ್ಲಿನ ಮಿತಿಗಿಂತ ಸಾಕಷ್ಟು ಕೆಳಗಿರಬೇಕು, ಏಕೆಂದರೆ ಹಳೆಯದಾದಂತೆ ಸೆಲ್ಲಿನ ಶಕ್ತಿ ಕುಂದುತ್ತದೆ.

ಹಳೆಯ ಕೈಪಿಡಿಯಲ್ಲಿ ಸೂಚಿಸಿರುವ ಸೆಲ್ಲಿನ ಹೆಸರು ಈಗಿನ ಅಂಗಡಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ. ಸೋನಿಯ ಬ್ಯಾಟರಿ ವ್ಯವಹಾರ 2017ರಲ್ಲಿ ಮುರಾಟಾ ಕಂಪನಿಗೆ ಹೋಯಿತು. ವಿಟಿಸಿ ಸರಣಿ ಈಗ ಆ ಹೆಸರಿನಲ್ಲಿದೆ. ಸ್ಯಾನ್ಯೋ ಅದಕ್ಕೂ ಮುನ್ನವೇ ಪ್ಯಾನಸೋನಿಕ್‌ನಲ್ಲಿ ವಿಲೀನವಾಗಿತ್ತು. ಹೆಸರನ್ನು ಬಿಟ್ಟು ಗಾತ್ರ, ರಸಾಯನ, ಆಂಪಿಯರ್ ಮಿತಿ ಈ ಮೂರನ್ನು ಹೊಂದಿಸಿದರೆ ಬದಲಿ ಸೆಲ್ ಸಿಕ್ಕೀತು. ನಾಲ್ಕನೆಯದೊಂದಿದೆ, ಬಹಳ ಮಂದಿ ಮರೆಯುವಂಥದು: ಸೆಲ್ಲಿನ ತಲೆ. ಚಪ್ಪಟೆ ತಲೆಯವು, ಉಬ್ಬು ತಲೆಯವು ಎಂದು ಎರಡು ಬಗೆ. ತಳದಲ್ಲಿ ರಕ್ಷಣಾ ಮಂಡಲವಿರುವ ಸೆಲ್‌ಗಳು ಮೂರ್ನಾಲ್ಕು ಮಿಲಿಮೀಟರ್ ಉದ್ದವಿದ್ದು ಹಲವು ಪೆಟ್ಟಿಗೆಗಳಲ್ಲಿ ಕೂರುವುದೇ ಇಲ್ಲ. ಕೊಳವೆ ಸಾಧನಗಳ ಪೈಕಿ ಕೆಲವದರಲ್ಲಿ ಮೇಲಿನ ಭಾಗದ ತಿರುಪಿನ ನಡುವಿರುವ ಮೊಳೆಯೇ ಸೆಲ್ಲಿನ ತಲೆಗೆ ನೇರವಾಗಿ ತಾಗುತ್ತದೆ. ಆ ಮೊಳೆ ತಿರುಪಿನ ಅಂಚಿಗಿಂತ ಸ್ಪಷ್ಟವಾಗಿ ಹೊರಚಾಚಿರದಿದ್ದರೆ ಅಂಚೇ ಸೆಲ್ಲಿಗೆ ತಾಗಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಸುತ್ತಲೂ ಲೋಹದ ಕೊಳವೆ, ಅನಿಲ ಹೋಗಲು ಸಣ್ಣ ರಂಧ್ರ. ಮುಂದಿನದು ಹೇಳಬೇಕಿಲ್ಲ.

ನಕಲಿಯ ಹಾವಳಿಯಂತೂ ಎಲ್ಲ ದೇಶಗಳಲ್ಲಿಯೂ ಇದೆ. 18650 ಗಾತ್ರದಲ್ಲಿ ಬಹುಕಾಲ 3600 ಎಂಎಎಚ್ ಸುತ್ತಮುತ್ತಲೇ ಗರಿಷ್ಠವಾಗಿತ್ತು. 5000, 9900 ಎಂದು ಮುದ್ರಿಸಿರುವ ಸೆಲ್ಲನ್ನು, ಅದು ನಮ್ಮ ಸಂತೆಯ ಟಾರ್ಚಿನೊಳಗಿದ್ದರೂ, ನಂಬಬಾರದು. ಒಳ್ಳೆಯ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ. ತೀರಾ ಹಗುರವಾಗಿದ್ದರೆ ಒಳಗೆ ಸರಕಿಲ್ಲವೆಂದೇ ಅರ್ಥ. ಇನ್ನು ಕೆಲವು ಕಂಪನಿಗಳು ತಾವು ಸೆಲ್ ತಯಾರಿಸುವುದಿಲ್ಲ. ಬೇರೆಯವರ ಸೆಲ್ ಕೊಂಡು, ತಮ್ಮ ಬಣ್ಣದ ಹೊದಿಕೆ ಹೊದಿಸಿ, ಮನಬಂದ ಆಂಪಿಯರ್ ಅಚ್ಚು ಹಾಕುತ್ತವೆ. ಕ್ಷಣಮಾತ್ರದ ಮಿತಿಯನ್ನು ನಿರಂತರ ಮಿತಿಯೆಂಬಂತೆ ಬರೆಯುವುದು ಇವುಗಳ ಹಳೆಯ ಚಾಳಿ. ಮೂಲ ತಯಾರಕರ ವಿವರಪತ್ರದಲ್ಲಿರುವ ಅಂಕಿಯನ್ನಷ್ಟೇ ಒಪ್ಪಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಇರುಸುಮುರುಸಿನ ಸತ್ಯವನ್ನೂ ಹೇಳಬೇಕು. ಸ್ಯಾಮ್ಸಂಗ್, ಎಲ್‌ಜಿ ಮೊದಲಾದ ತಯಾರಕರು ತಮ್ಮ ಬಿಡಿ ಸೆಲ್‌ಗಳನ್ನು ಇ-ಸಿಗರೇಟಿಗೆ ಬಳಸಬಾರದೆಂದೇ ಎಚ್ಚರಿಸಿದ್ದಾರೆ. ಅವು ರಕ್ಷಣಾ ಮಂಡಲವಿರುವ ಪ್ಯಾಕಿನೊಳಗೆ ಸೇರಬೇಕಾದವು ಎಂಬುದು ಅವರ ನಿಲುವು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2021ರ ಜನವರಿಯಲ್ಲಿ ಬಿಡಿ 18650 ಸೆಲ್ ಕೊಳ್ಳಲೂಬೇಡಿ, ಬಳಸಲೂಬೇಡಿ ಎಂದು ಸಾರ್ವಜನಿಕರಿಗೆ ಸೂಚಿಸಿತು. ಕಾರಣವಿಲ್ಲದೆ ಅಲ್ಲ. ಅದೇ ದೇಶದ ಅಗ್ನಿಶಾಮಕ ಆಡಳಿತ 2009ರಿಂದ 2016ರವರೆಗೆ ಮಾಧ್ಯಮಗಳಲ್ಲಿ ವರದಿಯಾದ 195 ಸ್ಫೋಟ ಮತ್ತು ಬೆಂಕಿ ಪ್ರಕರಣಗಳನ್ನು ಪಟ್ಟಿ ಮಾಡಿತ್ತು. ಗಾಯಗೊಂಡವರು 133 ಮಂದಿ, ಅವರಲ್ಲಿ 38 ಮಂದಿಯದು ತೀವ್ರ ಗಾಯ. ಆ ಅವಧಿಯಲ್ಲಿ ಸಾವು ದಾಖಲಾಗಿರಲಿಲ್ಲ. 2018ರಲ್ಲಿ ಫ್ಲಾರಿಡಾದಲ್ಲಿ, 2019ರಲ್ಲಿ ಟೆಕ್ಸಾಸ್‌ನಲ್ಲಿ ಸಾಧನ ಸಿಡಿದು ತಲಾ ಒಬ್ಬ ವ್ಯಕ್ತಿ ಮೃತಪಟ್ಟ.

ಆ 195ರಲ್ಲಿ 61 ಪ್ರಕರಣಗಳು ಸಂಭವಿಸಿದ್ದು ಸಾಧನ ಅಥವಾ ಬಿಡಿ ಬ್ಯಾಟರಿ ಜೇಬಿನಲ್ಲಿದ್ದಾಗ ಎಂಬುದು ಗಮನಾರ್ಹ. ಸೆಲ್ಲಿನ ಮೈಯೆಲ್ಲ ಋಣಧ್ರುವ. ತಲೆಯ ಸುತ್ತ ಇರುವ ಒಂದು ತೆಳು ಉಂಗುರ ಮತ್ತು ಮೇಲಿನ ಪ್ಲಾಸ್ಟಿಕ್ ಹೊದಿಕೆಯಷ್ಟೇ ಧನಧ್ರುವವನ್ನು ಅದರಿಂದ ದೂರವಿಟ್ಟಿರುತ್ತದೆ. ಜೇಬಿನ ಬೀಗದ ಕೈಯೋ ನಾಣ್ಯವೋ ಎರಡನ್ನೂ ಜೋಡಿಸಿದರೆ ಸಾಕು. ಹಾಗಾಗಿ ಹೊದಿಕೆ ಎಳ್ಳಷ್ಟು ಹರಿದಿದ್ದರೂ ಹೊಸದು ಹೊದಿಸುವವರೆಗೆ ಆ ಸೆಲ್ ಬಳಸಬಾರದು. ಬಿಡಿ ಸೆಲ್ಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಯೇ ಒಯ್ಯಬೇಕು. ವಿಮಾನದಲ್ಲಿ ಅದು ಕೈಚೀಲದಲ್ಲಿರಬೇಕೇ ಹೊರತು ಒಳಗೆ ಹಾಕುವ ಸಾಮಾನಿನಲ್ಲಿ ಅಲ್ಲ. ಎರಡು ಸೆಲ್ಲಿನ ಪೆಟ್ಟಿಗೆಗೆ ಒಂದೇ ಮಾದರಿಯ ಎರಡನ್ನು ಒಟ್ಟಿಗೆ ಕೊಂಡು, ಕೊನೆಯವರೆಗೂ ಅವನ್ನು ಜೊತೆಯಾಗಿಯೇ ಬಳಸಬೇಕು, ಚಾರ್ಜ್ ಮಾಡಬೇಕು. ಹಳೆಯದೊಂದು ಹೊಸದೊಂದು ಹಾಕಿದರೆ ದುರ್ಬಲವಾದದ್ದು ಮಿತಿ ಮೀರಿ ಬರಿದಾಗುತ್ತದೆ.

ಬಿಚ್ಚಲಾಗದ ಬ್ಯಾಟರಿಯಿರುವ ಹಳೆಯ ಪೆಟ್ಟಿಗೆಗಳ ಕಥೆ ಇನ್ನೂ ತೊಡಕಿನದು. ಅವುಗಳೊಳಗೆ ಚಪ್ಪಟೆ ಚೀಲದಂತಹ ಲಿಥಿಯಂ ಪಾಲಿಮರ್ ಬ್ಯಾಟರಿ ಇರುತ್ತದೆ. ಅಮೆರಿಕದ ಇವಾಲ್ವ್ ಕಂಪನಿಯ ಡಿಎನ್ಎ 200 ಮಂಡಲವಿದ್ದ ಪೆಟ್ಟಿಗೆಗಳು ಸಾಮಾನ್ಯವಾಗಿ ಮೂರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದ 11.1 ವೋಲ್ಟಿನ ಬ್ಯಾಟರಿ ಹೊಂದಿದ್ದವು. ಬದಲಿಗೆ ಹಾಕುವಾಗ ಕೋಶಗಳ ಸಂಖ್ಯೆ, ಆಂಪಿಯರ್ ಮಿತಿ, ತಂತಿಗಳ ಕೊಂಡಿ, ಮೂರು ಆಯಾಮಗಳ ಅಳತೆ ಎಲ್ಲವೂ ಹೊಂದಬೇಕು. ಒತ್ತಿ ತುರುಕಿದ ಚೀಲ ತೂತಾದರೆ ಹೊತ್ತಿಕೊಳ್ಳುತ್ತದೆ. ಬೆಸುಗೆಯ ಕೈಚಳಕ ಇಲ್ಲದವರು ಇಂತಹ ಸಾಧನವನ್ನು ಕೈಬಿಡುವುದೇ ವಿವೇಕ. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರವರಿ 18ರಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು. ಈಗಾಗಲೇ ಮಾರಾಟವಾಗಿರುವ ಪೆಟ್ಟಿಗೆಗಳಿಗೆ ಅದರಿಂದ ಪ್ರಯೋಜನವಿಲ್ಲ.

ನಮ್ಮ ಊರುಗಳಲ್ಲಿ ಟಾರ್ಚಿಗೋ ಸೈಕಲ್ ದೀಪಕ್ಕೋ ಲಿಥಿಯಂ ಸೆಲ್ ಕೊಳ್ಳುವವರು ಐಎಸ್ 16046 ಎಂಬ ಮಾನಕದ ಗುರುತು ಇದೆಯೇ ಎಂದು ನೋಡಬಹುದು. ಭಾರತದಲ್ಲಿ ಇಂತಹ ಸೆಲ್‌ಗಳಿಗೆ ಆ ನೋಂದಣಿ ಕಡ್ಡಾಯ. ಚಾರ್ಜಿನಲ್ಲಿರುವಾಗ ಕೈಗೆ ಸುಡುವಷ್ಟು ಬಿಸಿಯಾಗುವ, ತುಂಬಿಸಿಟ್ಟ ಮರುದಿನವೇ ವೋಲ್ಟ್ ಕುಸಿಯುವ, ಉಬ್ಬಿದ ಅಥವಾ ಜಜ್ಜಿದ ಸೆಲ್ಲಿನ ಆಯುಸ್ಸು ಮುಗಿದಿದೆ. ಅದನ್ನು ಮನೆಯ ಕಸಕ್ಕೆ ಹಾಕಿದರೆ ಕಸದ ಲಾರಿಯ ಒತ್ತಡದಲ್ಲಿ ಬೆಂಕಿ ಹೊತ್ತಿಕೊಳ್ಳಬಹುದು. ಎರಡೂ ತುದಿಗೆ ಇನ್ಸುಲೇಷನ್ ಟೇಪು ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಮರಳಿ ಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆಯೇ ಹೊರಿಸಿವೆ.